ಕ್ಯಾಸ್ಟರ್‌ಬ್ರಿಡ್ಜಿನ ಸಾವ್ಕಾರ

ಬಳ್ಳಾರಿಯ ಬಿಸಿಲಲ್ಲಿ ಕೂತು ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಮೊದಲು ತಕರಾರು ಬರುವುದು ಅಲ್ಲಿನ ಹವಾಮಾನದ ಬಗ್ಗೆ. ಶೇಕ್ಸ್‌ಪಿಯರ್ ತನ್ನ ಹದಿನೆಂಟನೇ ಸಾನೆಟ್ಟಿನಲ್ಲಿ ಪ್ರೀತಿಪಾತ್ರರನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ ಎಂದು ಕೇಳಿಕೊಳ್ಳುತ್ತಾನೆ. ನಮ್ಮ ತರಗತಿಯಲ್ಲಿ ಯಾರಾದರೂ ಯಾರಿಗಾದರೂ ಈ ಮಾತು ಹೇಳಿದ್ದರೆ ದೂರು ಪ್ರಿನ್ಸಿಪಾಲರ ಕೋಣೆ ಮುಟ್ಟುತ್ತಿತ್ತು. ಹೊರಗೆ ಕೋಟೆಗುಡ್ಡದ ಬಂಡೆ ಕಾದು ಕೆಂಪಾಗಿದೆ, ಮೇಲೆ ಫ್ಯಾನು ಬಿಸಿಗಾಳಿಯನ್ನೇ ಸಮನಾಗಿ ಹಂಚುತ್ತಿದೆ, ಮೇಷ್ಟ್ರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ, "ಥೀಮ್: ಕಾವ್ಯದಿಂದ ಸೌಂದರ್ಯಕ್ಕೆ ಅಮರತ್ವ. ಬರ್ಕೊಳ್ರಿ" ಎನ್ನುತ್ತಿದ್ದರು. ಬರೆದುಕೊಳ್ಳುತ್ತಿದ್ದೆವು. ಬೆವರಿನಲ್ಲಿ ಅಮರತ್ವದ ಇಂಕು ಕಲಸಿ ಹೋಗುತ್ತಿತ್ತು.

ಅವರು ಕೆಟ್ಟ ಮೇಷ್ಟ್ರಲ್ಲ. ಪರೀಕ್ಷೆಯಲ್ಲಿ ಬರುತ್ತಿದ್ದ ಪ್ರಶ್ನೆಯೇ ಅಂಥದ್ದು. ಅದಕ್ಕೆ ಉತ್ತರ ಗೈಡಿನಲ್ಲಿ ಸಿದ್ಧವಾಗಿರುತ್ತಿತ್ತು. ಗೈಡಿನ ಲೋಕದಲ್ಲಿ ಗೊಂದಲವಿಲ್ಲ. ವರ್ಡ್ಸ್‌ವರ್ತ್ ಎಂದರೆ ಪ್ರಕೃತಿ, ಕೀಟ್ಸ್ ಎಂದರೆ ಸೌಂದರ್ಯ, ಡಿಕನ್ಸ್ ಎಂದರೆ ಬಡವರು, ಹಾರ್ಡಿ ಎಂದರೆ ವಿಧಿ. ಹಾರ್ಡಿಯ ಮೇಲೆ ಪ್ರಶ್ನೆ ಯಾವ ದಿಕ್ಕಿನಿಂದ ಬಂದರೂ ವಿಧಿಯನ್ನು ಎದುರಿಗೆ ನಿಲ್ಲಿಸಿದರೆ ಪಾಸು. ಮೂಲ ಪುಸ್ತಕ ಓದಿದವರಿಗೆ ಅಂಕ ಕಡಿಮೆ ಬೀಳುತ್ತಿತ್ತು, ಯಾಕೆಂದರೆ ಅವರು ಅನುಮಾನಪಡುತ್ತಿದ್ದರು.

ಇದೇ ಊರಿನಲ್ಲಿ ನಮಗಿಂತ ಎರಡು ಮೂರು ತಲೆಮಾರು ಹಿಂದಿನವರು ಇಂಗ್ಲಿಷ್ ಸಾಹಿತ್ಯವನ್ನು ಬರೆದುಕೊಂಡು ಸುಮ್ಮನಾಗಲಿಲ್ಲ, ಮುಖಕ್ಕೆ ಬಣ್ಣ ಬಳಿದುಕೊಂಡು ರಂಗಕ್ಕೇರಿಸಿದರು. ಬಳ್ಳಾರಿ ರಾಘವ (1880–1946) ಹಗಲು ವಕೀಲರು, ರಾತ್ರಿ ಒಥೆಲೋ, ಹ್ಯಾಮ್ಲೆಟ್, ಶೈಲಾಕ್. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದವರು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೂ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದವರು. ಶೈಲಾಕ್ ಕಟಕಟೆಯಲ್ಲಿ ಕರಾರುಪತ್ರ ಹಿಡಿದು ನಿಲ್ಲುವ ದೃಶ್ಯಕ್ಕೆ ಬಳ್ಳಾರಿಯ ವಕೀಲರಿಗಿಂತ ತಕ್ಕ ನಟ ಎಲ್ಲಿ ಸಿಗಬೇಕು? ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರೂ ವಕೀಲರೇ. ಸರಸ ವಿನೋದಿನಿ ಸಭೆ ಕಟ್ಟಿ, 'ವಿಷಾದ ಸಾರಂಗಧರ' ಬರೆದು, ತೆಲುಗಿಗೆ ಮೊದಲ ದುರಂತ ನಾಟಕ ಕೊಟ್ಟವರು ಎನಿಸಿಕೊಂಡರು. ನಾಟಕ ಮಂಗಳದಲ್ಲೇ ಮುಗಿಯಬೇಕೆಂಬ ಹಳೆಯ ಕಟ್ಟಳೆಯನ್ನು ನಮ್ಮೂರಿನ ಆಚಾರ್ಯರು ಮುರಿದರು.

ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೆ ಗಾಳಿ. ಅಲ್ಲಿ ಒಥೆಲೋ ಶೂರಸೇನನಾದ, ಮ್ಯಾಕ್‌ಬೆತ್ ಪ್ರತಾಪರುದ್ರದೇವನಾದ. ರೋಮಿಯೋ ಜೂಲಿಯೆಟ್ ಆನಂದರಾಯರ 'ರಾಮವರ್ಮ ಲೀಲಾವತಿ'ಯಾಗಿ, ಸತ್ತ ಪ್ರೇಮಿಗಳು ದೇವರ ದಯೆಯಿಂದ ಎದ್ದು ಕೂತರು. ಇದನ್ನು ಓದಿದಾಗ ನಾವು ಬಳ್ಳಾರಿ ಹುಡುಗರು ಬಿದ್ದು ಬಿದ್ದು ನಕ್ಕಿದ್ದೆವು. ಸಾಯಬೇಕಾದವರನ್ನು ಸಾಯಲು ಬಿಡುವ ಧೈರ್ಯ ನಮ್ಮ ಊರಿನದ್ದು ಎಂಬ ಜಂಬ.

ನಮಗೆ ಪಠ್ಯವಾಗಿದ್ದ ಕಾದಂಬರಿ ಥಾಮಸ್ ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಡ್ಜ್', 1886ರದು. ಹೆಂಚರ್ಡ್ ಎಂಬ ಹುಲ್ಲು ಕಟ್ಟುವ ಕೂಲಿ ಒಂದು ಜಾತ್ರೆಗೆ ಹೋಗಿ, ಗಂಜಿ ಮಾರುವ ಡೇರೆಯಲ್ಲಿ ರಮ್ಮು ಬೆರೆಸಿದ ಗಂಜಿ ಕುಡಿದು, ಅಮಲಿನಲ್ಲಿ ಹೆಂಡತಿಯನ್ನೂ ಕೈಗೂಸನ್ನೂ ಐದು ಗಿನಿಗೆ ಒಬ್ಬ ನಾವಿಕನಿಗೆ ಹರಾಜು ಹಾಕುತ್ತಾನೆ. ಬೆಳಗಾದ ಮೇಲೆ ಇಪ್ಪತ್ತೊಂದು ವರ್ಷ ಕುಡಿಯುವುದಿಲ್ಲವೆಂದು ಆಣೆ ಮಾಡಿ, ದುಡಿದು, ಕಾಳಿನ ದೊಡ್ಡ ವ್ಯಾಪಾರಿಯಾಗಿ, ಊರಿನ ಮೇಯರೂ ಆಗುತ್ತಾನೆ. ಆಮೇಲೆ ಒಂದೊಂದೇ ಕಳೆದುಕೊಳ್ಳುತ್ತಾನೆ. ಗೈಡಿನ ಪ್ರಕಾರ ಥೀಮ್, ಹೇಳಬೇಕಿಲ್ಲ, ವಿಧಿ.

ರಜೆಗೆ ಸಿರುಗುಪ್ಪಕ್ಕೆ ಹೋದಾಗ ಆ ಪುಸ್ತಕ ಕೈಯಲ್ಲಿತ್ತು. ನಮ್ಮ ದೊಡ್ಡಪ್ಪನದು ಭತ್ತದ ದಲ್ಲಾಳಿ ಅಂಗಡಿ. ಬಿಳಿ ಗಾದಿ, ಉದ್ದನೆಯ ಖಾತೆಪುಸ್ತಕ, ಮೂಲೆಯಲ್ಲಿ ಸ್ಯಾಂಪಲ್ಲಿನ ಬಟ್ಟಲುಗಳು. ರೈತ ಬಂದು ಚೀಲ ಇಳಿಸಿದರೆ ದೊಡ್ಡಪ್ಪ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ, ಮೊದಲು ಮೂಸುತ್ತಿದ್ದ. ಆಮೇಲೆ ಒಂದು ಕಾಳಿನ ಹೊಟ್ಟು ಉಗುರಿನಲ್ಲಿ ಬಿಡಿಸಿ, ಅಕ್ಕಿಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ ಕಡಿಯುತ್ತಿದ್ದ. ಟಕ್ ಎಂದರೆ ಒಣಗಿದೆ. ಸದ್ದಿಲ್ಲದೆ ಮುರಿದರೆ ಹಸಿ, ಚೀಲಕ್ಕಿಷ್ಟು ಕಡಿತ. ಆ ಒಂದು ಕ್ಷಣ ರೈತನೂ ಕಣ್ಣು ಮುಚ್ಚಿರುತ್ತಿದ್ದ.

"ಏನಲೇ ಅದು, ಅಷ್ಟು ದಪ್ಪ ಪುಸ್ತಕ? ಏನೈತಿ ಅದರಾಗ?" ಎಂದ ದೊಡ್ಡಪ್ಪ. ಕಾಳಿನ ವ್ಯಾಪಾರಿ ಕಥೆ ಎಂದೆ. ಖಾತೆಪುಸ್ತಕ ಮುಚ್ಚಿ, "ಹೇಳು" ಎಂದು ದಿಂಬಿಗೆ ಒರಗಿದ.

ಹೆಂಡತಿಯ ಹರಾಜಿನಲ್ಲಿ ದೊಡ್ಡಪ್ಪ ಮೊದಲು ಕೇಳಿದ್ದು ಐದು ಗಿನಿ ನಮ್ಮ ರೂಪಾಯಿಯಲ್ಲಿ ಎಷ್ಟು ಎಂದು. ಬಾಗಿಲ ಹಿಂದಿದ್ದ ದೊಡ್ಡಮ್ಮ ಅಲ್ಲಿಂದಲೇ, "ಮಾರಿಸಿಕೊಂಡಾಕಿ ಏನಾದ್ಲು, ಅದನ್ನ ಹೇಳು" ಎಂದಳು. ತಿರುಗಿ ಬಂದು ಅವನನ್ನೇ ಮತ್ತೆ ಮದುವೆಯಾಗಿ, ಕಾಯಿಲೆ ಬಿದ್ದು ಸಾಯುತ್ತಾಳೆ ಎಂದೆ. "ಪುಸ್ತಕ ಇನ್ನಾ ಅರ್ಧನೂ ಮುಗಿದಿಲ್ಲ, ಆಕಿನ್ನ ಮುಗಿಸಿಬಿಟ್ನಾ?" ಎಂದು ಒಳಗೆ ಹೋದಳು. ನನ್ನ ಗೈಡಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ವಿಶ್ವವಿದ್ಯಾಲಯದ ವಿಚಾರ ಸಂಕಿರಣಗಳಲ್ಲಿ ಇದನ್ನು ಕೇಳುವುದಕ್ಕೆ ನಾನು ಬಹಳ ಕಾಲ ಕಾಯಬೇಕಾಯಿತು.

ದೊಡ್ಡಪ್ಪನಿಗೆ ನಿಜವಾದ ಕಥೆ ಶುರುವಾದದ್ದು ಕೆಟ್ಟ ಗೋಧಿಯಿಂದ. ಹೆಂಚರ್ಡ್ ಮಾರಿದ ಗೋಧಿ ಮೊಳಕೆ ಬಂದು ಊರಿನ ಬ್ರೆಡ್ಡೆಲ್ಲ ಕೆಡುತ್ತದೆ. ಆಗ ಫಾರ್‌ಫ್ರೇ ಎಂಬ ಸ್ಕಾಟ್ಲೆಂಡಿನ ತರುಣ ಬಂದು, ಅದನ್ನು ಬಹುಮಟ್ಟಿಗೆ ಸರಿಪಡಿಸುವ ವಿದ್ಯೆ ತೋರಿಸುತ್ತಾನೆ. ದೊಡ್ಡಪ್ಪ ಎದ್ದೇ ಕೂತ. "ಹೆಂಗ?" ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ, ಕೊಯ್ಲಿಗೆ ಬಂದ ಸೋನಾಮಸೂರಿ ಗದ್ದೆಯಲ್ಲೇ ಮಲಗಿ ಮೊಳಕೆಯೊಡೆಯುವುದನ್ನು ಕಂಡ ಊರು ಅದು. ಹಾಳೆ ತಿರುವಿ ತಿರುವಿ ನೋಡಿದೆ. ಹಾರ್ಡಿ ಆ ವಿದ್ಯೆಯ ವಿವರ ಕೊಡುವುದಿಲ್ಲ. "ಕೊಡಂಗಿಲ್ಲ ಬಿಡು, ಯಾವ ವ್ಯಾಪಾರಸ್ಥ ಕೊಡ್ತಾನ?" ಎಂದು ದೊಡ್ಡಪ್ಪ ಹಾರ್ಡಿಯನ್ನು ಗೌರವದಿಂದ ಕ್ಷಮಿಸಿದ.

ಅದಾದ ಮೇಲೆ ಹವಾಮಾನದ ಜೂಜು. ಹೊರದೇಶದ ಕಾಳಿಗೆ ಸುಂಕ ಹಾಕುವ ಕಾನೂನು ಇಂಗ್ಲೆಂಡಿನಲ್ಲಿ 1846ರವರೆಗೂ ಬಲವಾಗಿತ್ತು. ಹಾಗಾಗಿ ಊರಿನ ಮೇಲಿನ ಮೋಡವೇ ಧಾರಣೆ ಬರೆಯುತ್ತಿತ್ತು. ಫಾರ್‌ಫ್ರೇಯ ಮೇಲಿನ ಹಟಕ್ಕೆ ಬಿದ್ದ ಹೆಂಚರ್ಡ್ ರಾತ್ರಿ ಗುಟ್ಟಾಗಿ ಒಬ್ಬ ಮಳೆ ಹೇಳುವವನ ಗುಡಿಸಲಿಗೆ ಹೋಗುತ್ತಾನೆ. ಸುಗ್ಗಿ ಹೊತ್ತಿಗೆ ಮಳೆ ಎಂದು ಅವನು ಹೇಳಿದ. ಈತ ಸಿಕ್ಕಷ್ಟು ಕಾಳು ಕೊಂಡ. ಬಿಸಿಲು ಬಿತ್ತು, ಧಾರಣೆ ಇಳಿಯಿತು, ಗಾಬರಿಯಲ್ಲಿ ಎಲ್ಲ ಮಾರಿದ. ಮಾರಿ ಮುಗಿದು ಕೊಯ್ಲು ಶುರುವಾಗುವಷ್ಟರಲ್ಲಿ ಮಳೆ ಬಂತು.

ನಮ್ಮ ಕಡೆಯವರಿಗೆ ಮೈಲಾರದ ಕಾರ್ಣಿಕ ಗೊತ್ತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನಿಂತು ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಆ ಒಂದು ಮಾತಿನ ಮೇಲೆ ರೈತರು, ವ್ಯಾಪಾರಿಗಳು, ರಾಜಕಾರಣಿಗಳು ವರ್ಷವಿಡೀ ಅರ್ಥ ಬಿಡಿಸುತ್ತಾರೆ. ಮಳೆಗೊಂದು ಅರ್ಥ, ಧಾರಣೆಗೊಂದು, ಸರ್ಕಾರಕ್ಕೊಂದು. ದೊಡ್ಡಪ್ಪನ ಅಂಗಡಿಯಲ್ಲಿ ನಡೆಯುತ್ತಿದ್ದ ಆ ಚರ್ಚೆಯಲ್ಲಿದ್ದ ಶ್ರದ್ಧೆ ನಮ್ಮ ಇಂಗ್ಲಿಷ್ ವಿಭಾಗದಲ್ಲಿ ಕಂಡಿಲ್ಲ. ಯಾರೂ "ಥೀಮ್ ಬರ್ಕೊಳ್ರಿ" ಎನ್ನುತ್ತಿರಲಿಲ್ಲ. ತಪ್ಪು ಅರ್ಥ ಹಚ್ಚಿದರೆ ನಷ್ಟ ಅಂಕದಲ್ಲಲ್ಲ, ರೊಕ್ಕದಲ್ಲಿ ಆಗುತ್ತಿತ್ತು. ಹೀಗಾಗಿ ಹೆಂಚರ್ಡ್ ಮಳೆ ಹೇಳುವವನನ್ನು ನಂಬಿದ್ದು ದೊಡ್ಡಪ್ಪನಿಗೆ ಮೂಢತನ ಅನ್ನಿಸಲೇ ಇಲ್ಲ. ಅವನ ತೀರ್ಪು ಬೇರೆ: "ನಂಬಿದ್ದು ತಪ್ಪಲ್ಲ. ಗಾಬರಿಯಾಗಿ ಮಾರಿದ್ದು ತಪ್ಪು. ಹೆಂಡ್ತೀನೂ ಹಂಗ ಮಾರ್ದ, ಕಾಳೂ ಹಂಗ ಮಾರ್ದ. ಅವನದು ಒಂದ ರೋಗ." ವಿಧಿ ಎಂಬ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಪರೀಕ್ಷೆಯಲ್ಲಿ ನಾನು ವಿಧಿಯನ್ನೇ ಬರೆದೆ.

ರಜೆ ಮುಗಿದು ಕಥೆ ಅರ್ಧಕ್ಕೆ ನಿಂತಿತ್ತು. ನಾನು ಮತ್ತೆ ಹೋಗುವಷ್ಟರಲ್ಲಿ ಅಂಗಡಿಯ ಬೋರ್ಡು ಬದಲಾಗಿತ್ತು. ಧಾರಣೆ ಏರುತ್ತದೆಂದು ದೊಡ್ಡಪ್ಪ ಭತ್ತ ಹಿಡಿದಿಟ್ಟಿದ್ದ. ಗಾಬರಿಯಾಗಬಾರದೆಂದು ಕೂತೇ ಇದ್ದ. ಧಾರಣೆ ಏರಲಿಲ್ಲ, ಬಡ್ಡಿ ಏರಿತು. ಅದೇ ಬಜಾರಿನಲ್ಲಿ ಇನ್ನೊಬ್ಬರ ಗಾದಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಕೈ ತೂರಿಸಿ ಕಾಳು ಕಡಿಯುವ ಕೆಲಸ ಈಗ ಬೇರೆಯವರದು. ಆದರೂ ಚೀಲ ಬಂದಾಗೆಲ್ಲ ಅವನ ತಲೆ ಆ ಕಡೆ ತಿರುಗುತ್ತಿತ್ತು.

ಸಂಜೆ ಮನೆಯಲ್ಲಿ ಅವನೇ ಕೇಳಿದ: "ಆ ಸಾವ್ಕಾರಂದು ಮುಂದೇನಾತು?"

ಮುಂದೇನಾಯಿತೆಂದರೆ, ಹೆಂಚರ್ಡ್ ದಿವಾಳಿಯಾಗಿ, ಒಂದು ಕಾಲಕ್ಕೆ ತನ್ನದೇ ಆಗಿದ್ದ ಕಣಜದಲ್ಲಿ ಫಾರ್‌ಫ್ರೇಯ ಕೂಲಿಯಾಗುತ್ತಾನೆ. ಮಗಳೆಂದು ಪ್ರೀತಿಸಿದವಳೂ ದೂರವಾಗುತ್ತಾಳೆ. ಅವಳ ಮದುವೆಗೆ ಪಂಜರದಲ್ಲಿ ಒಂದು ಪುಟ್ಟ ಹಕ್ಕಿ ಹಿಡಿದುಕೊಂಡು ಬರುತ್ತಾನೆ; ಅವಳ ಒಂದೆರಡು ಬಿರುಸು ಮಾತಿಗೆ ತಿರುಗಿ ಹೋಗುತ್ತಾನೆ; ಹಕ್ಕಿ ಪಂಜರದಲ್ಲೇ ಸಾಯುತ್ತದೆ. ಅವಳು ಹುಡುಕಿಕೊಂಡು ಹೋಗುವಷ್ಟರಲ್ಲಿ ಹಾಳು ಗುಡಿಸಲೊಂದರಲ್ಲಿ ಅವನೂ ಸತ್ತಿರುತ್ತಾನೆ. ತನಗಾಗಿ ಯಾರೂ ಅಳಬಾರದು, ಯಾರೂ ನೆನೆಯಬಾರದು ಎಂದು ಬರೆದಿಟ್ಟ ಚೀಟಿಯೊಂದೇ ಉಳಿದ ಆಸ್ತಿ. ಇಂಗ್ಲಿಷ್ ಕಾದಂಬರಿಗಳಲ್ಲಿ ನಾನು ಓದಿದ ಕೊನೆಗಳಲ್ಲಿ ಇಷ್ಟು ಒಣಗಿದ್ದು ಇನ್ನೊಂದಿಲ್ಲ.

ದೊಡ್ಡಪ್ಪ ಕಾಯುತ್ತಿದ್ದ. ದೊಡ್ಡಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿದ್ದಳು. ಧರ್ಮವರಂ ಆಚಾರ್ಯರ ಊರಿನಲ್ಲಿ ಓದುತ್ತಿದ್ದ ನಾನು ಬಾಯಿ ತೆರೆದು, "ಮಗಳು ಸರಿಯಾದ ಹೊತ್ತಿಗೆ ಬಂದು ಕರಕೊಂಡು ಹೋಗ್ತಾಳ ದೊಡ್ಡಪ್ಪ" ಎಂದೆ. ಆನಂದರಾಯರು ಎಲ್ಲಿದ್ದರೂ ಆಶೀರ್ವಾದ ಮಾಡಿರಬೇಕು; ಅವರ ರಾಮವರ್ಮ ಯಾಕೆ ಎದ್ದು ಕೂತನೆಂದು ನನಗೆ ಗೊತ್ತಾದದ್ದು ಆ ಅಡುಗೆಮನೆಯಲ್ಲಿ.

"ಹಕ್ಕಿ?" ಎಂದಳು ದೊಡ್ಡಮ್ಮ. ಪಂಜರದ ವಿಷಯ ಬಾಯಿತಪ್ಪಿ ಮೊದಲೇ ಹೇಳಿಬಿಟ್ಟಿದ್ದೆ.

"ಹಾರಿಬಿಡ್ತಾರ."

"ಮತ್ತ ಅಂಗಡಿ?" ಎಂದ ದೊಡ್ಡಪ್ಪ. ಅಂಗಡಿ ವಾಪಸ್ ಕೊಡಿಸುವಷ್ಟು ಧೈರ್ಯ ನನಗೂ ಬರಲಿಲ್ಲ. "ಅದು ಹೋತು" ಎಂದೆ. ಅವನು ತಲೆಯಾಡಿಸಿದ. ಅದನ್ನು ಕೊಡಿಸಿದ್ದರೆ ಇಡೀ ಕಥೆ ಸುಳ್ಳೆಂದು ಅಲ್ಲೇ ಹಿಡಿಯುತ್ತಿದ್ದ.

ದೊಡ್ಡಪ್ಪ ಹೋಗಿ ಈಗ ಬಹಳ ವರ್ಷವಾಯಿತು. ಬದುಕಿರುವ ತನಕ ಬಜಾರಿನಲ್ಲಿ, ಲಾರಿ ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ ಆ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದನೋ. ಇತ್ತೀಚೆಗೆ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋಗಿದ್ದೆ. ತೇರು ಎಳೆಯಲು ಇನ್ನೂ ಹೊತ್ತಿತ್ತು. ಮಿರ್ಚಿ ಮಂಡಕ್ಕಿಯ ಡೇರೆಯಲ್ಲಿ ಎದುರಿಗೆ ಕೂತಿದ್ದ ತೆಕ್ಕಲಕೋಟೆ ಕಡೆಯ ಹಿರಿಯರೊಬ್ಬರು ತಮ್ಮ ಮೊಮ್ಮಗನಿಗೆ ಕುಡಿತದ ಕೇಡು ತಿಳಿಸಿ ಹೇಳುತ್ತಿದ್ದರು. ಒಬ್ಬ ಕೂಲಿ ಇದೇ ಜಾತ್ರೆಗೆ ಬಂದು, ಇಂಥದೇ ಡೇರೆಯಲ್ಲಿ ಕುಡಿದು, ಹೆಂಡತಿಯನ್ನು ಮಾರಿದನಂತೆ. ಆಮೇಲೆ ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡಿ ದೊಡ್ಡ ಸಾವ್ಕಾರನಾದನಂತೆ. ಮೈಲಾರದ ಗೊರವಯ್ಯನ ಮಾತಿಗೆ ತಪ್ಪು ಅರ್ಥ ಹಚ್ಚಿ ಮುಳುಗಿದನಂತೆ. ಕೊನೆಗೆ ಮಗಳು ಸರ್ಕಾರಿ ಬಸ್ಸಿನಲ್ಲಿ ಹುಡುಕಿಕೊಂಡು ಬಂದು ಕರೆದೊಯ್ದಳಂತೆ.

ನನ್ನೊಳಗಿನ ಬಳ್ಳಾರಿ ಜಂಬ ಸುಮ್ಮನಿರಲಿಲ್ಲ. "ಇಲ್ರೀ ಹಿರೇರ, ಮಗಳು ಬರೋದರಾಗ ಅಂವ ಸತ್ತಿದ್ದ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ್ರೀ ನಿಮಗ ಹೇಳಿದ್ದು? ಅವರ ಮಂದಿ ಈಗಲೂ ಆದೋನ್ಯಾಗ ಅದಾರ. ಹೋಗಿ ಕೇಳಿ ಬರ್ರಿ" ಎಂದು, ಮೊಮ್ಮಗನ ಕಡೆ ತಿರುಗಿ, ಕಥೆಯನ್ನು ಹಕ್ಕಿಯಿಂದ ಮುಂದುವರಿಸಿದರು.