ಪ್ರಸಾದನಿಲಯದ ಲೆಕ್ಕಕ್ಕೊಂದು ಬೀಗ

ನಮ್ಮ ಊರಿನ ಸಮಾಜದ ಉಚಿತ ಪ್ರಸಾದನಿಲಯದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಸೇವೆಯು ಹಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ದಾಸೋಹಕ್ಕೆ ಅಕ್ಕಿ ಬೇಳೆ ಕೊಟ್ಟ ಭಕ್ತರ ಹೆಸರು, ಮಕ್ಕಳ ಅಂಕಪಟ್ಟಿ, ತಂದೆತಾಯಿಗಳ ವಿಳಾಸ ಇವೆಲ್ಲ ಮೊದಲು ಕೆಂಪು ರಟ್ಟಿನ ಖಾತೆಪುಸ್ತಕಗಳಲ್ಲಿದ್ದವು, ಈಗ ಕಂಪ್ಯೂಟರಿನಲ್ಲಿವೆ. ಪುಸ್ತಕವಾದರೆ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮುಗಿಯಿತು. ಕಂಪ್ಯೂಟರಿಗೆ ಬೀಗ ಹಾಕುವ ಬಗೆಯನ್ನು ನಾವು ಪೆಟ್ಟು ತಿಂದ ಮೇಲೆಯೇ ಕಲಿತೆವು.

ಆಡಳಿತ ಮಂಡಳಿಯ ಹಿರಿಯರೊಬ್ಬರು ಮಗನ ಮನೆಯಲ್ಲಿರಲು ದೂರದ ಊರಿಗೆ ಹೋದರು. ಅವರು ಅಲ್ಲಿಂದಲೇ ಲೆಕ್ಕ ನೋಡಲೆಂದು, ಕಂಪ್ಯೂಟರು ಮಾರಿದ ಅಂಗಡಿಯ ಹುಡುಗನು ಅಂತರಜಾಲದಿಂದ ನೇರವಾಗಿ ಒಳಬರುವ ದಾರಿಯೊಂದನ್ನು ತೆರೆದಿಟ್ಟನು. ಗುಪ್ತಪದವೂ ಸುಲಭದ್ದೇ. ಒಂದು ಸೋಮವಾರ ಲಿಂಗಪೂಜೆ ಮುಗಿಸಿಕೊಂಡು ಹೋಗಿ ನೋಡಿದರೆ ಒಂದು ಕಡತವೂ ತೆರೆಯಲೊಲ್ಲದು. ಹಣ ಕೇಳುವ ಇಂಗ್ಲಿಷ್ ಒಕ್ಕಣೆಯೊಂದೇ ಉಳಿದಿತ್ತು. ನಾವು ಹಣ ಕೊಡಲಿಲ್ಲ. ನಮ್ಮ ಮನೆಯವರೂ ನಿಲಯದ ನಾಲ್ವರು ಹುಡುಗರೂ ಆರು ವಾರ ಕುಳಿತು, ರಶೀದಿ ಪುಸ್ತಕಗಳಿಂದ ಲೆಕ್ಕವನ್ನು ಮತ್ತೆ ಬರೆದರು. ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳು ಮಾತ್ರ ಹೋದವು, ಹೋದವೇ.

ಆಗ ನಮ್ಮ ತಂಗಿಯ ಮಗನು ವೈರ್‌ಗಾರ್ಡ್ ಎಂಬ ತಂತ್ರಾಂಶವನ್ನು ತಂದು ಹಾಕಿದನು. ಜೇಸನ್ ಡೊನೆನ್‌ಫೆಲ್ಡ್ ಎಂಬವರು ರಚಿಸಿದ ಇದು 2020ರ ಮಾರ್ಚಿಯಲ್ಲಿ ಲಿನಕ್ಸ್ 5.6ರೊಳಗೇ ಸೇರಿಕೊಂಡಿತು. ದೂರದ ಎರಡು ಯಂತ್ರಗಳು ಒಂದೇ ಕೋಣೆಯಲ್ಲಿದ್ದಂತೆ ಮಾತನಾಡಬೇಕು, ನಡುವೆ ಇರುವವರಿಗೆ ಆ ಮಾತು ತಿಳಿಯಬಾರದು. ಇದೇ ಅದರ ಉದ್ದೇಶ. ಪ್ರತಿಯೊಂದು ಯಂತ್ರಕ್ಕೂ ಒಂದು ಜೋಡಿ ಕೀಲಿ. ಒಂದು ಬಹಿರಂಗದ್ದು, 44 ಅಕ್ಷರಗಳ ಸಾಲು. ಅದನ್ನು ಯಾರಿಗೆ ತೋರಿದರೂ ಚಿಂತೆಯಿಲ್ಲ. ಇನ್ನೊಂದು ಗುಪ್ತವಾದುದು, ತನ್ನ ಯಂತ್ರದಲ್ಲಿಯೇ ಇರತಕ್ಕದ್ದು. ಯಾರ ಬಹಿರಂಗ ಕೀಲಿಯನ್ನು ನಾವು ಮೊದಲೇ ಬರೆದಿಟ್ಟಿದ್ದೇವೆಯೋ ಅವರಿಗಷ್ಟೇ ಉತ್ತರ ದೊರೆಯುತ್ತದೆ. ಅಪರಿಚಿತರು ಬಂದು ತಟ್ಟಿದರೆ ಅದು ‘ಇಲ್ಲ’ ಎಂದು ಕೂಡ ಹೇಳದು. ಮೌನವಾಗಿದ್ದುಬಿಡುತ್ತದೆ, ಅಲ್ಲೊಂದು ಬಾಗಿಲಿದೆಯೆಂಬುದೇ ಅವರಿಗೆ ತಿಳಿಯದು. ಮಾತುಕತೆ ನಡೆದಿರುವಷ್ಟು ಹೊತ್ತೂ ಸಂದೇಶಗಳನ್ನು ಮುಚ್ಚುವ ಕೀಲಿಯು ಸುಮಾರು ಎರಡು ನಿಮಿಷಕ್ಕೊಮ್ಮೆ ಬದಲಾಗುತ್ತದಂತೆ.

“ಇದು ಮೊದಲು ಬಂದಾಗ ನಾಲ್ಕು ಸಾವಿರ ಸಾಲಿನೊಳಗೇ ಇತ್ತು ಮಾವ, ಒಬ್ಬನೇ ಕುಳಿತು ಓದಿ ತಪ್ಪು ಹುಡುಕಬಹುದು. ಹಳೆಯ ಸಾಧನಗಳು ಲಕ್ಷ ಸಾಲು ದಾಟುತ್ತವೆ” ಎಂದನು. ಬೆಲೆ ಎಷ್ಟೆಂದು ಕೇಳಿದೆವು. ಬೆಲೆಯೇ ಇಲ್ಲ, ಮೂಲಬರಹವೂ ಎಲ್ಲರಿಗೂ ತೆರೆದಿದೆ, ತಿದ್ದಿ ಹಂಚಿಕೊಳ್ಳಲೂಬಹುದು. ಮಂಡಳಿಯ ಸಭೆಯಲ್ಲಿ, ಪುಕ್ಕಟೆ ಬಂದದ್ದು ಗಟ್ಟಿಯಾಗಿರುತ್ತದೆಯೇ ಎಂಬ ಸಂಶಯವೆದ್ದಿತು. ದಿನವೂ ಎರಡು ಹೊತ್ತು ಪುಕ್ಕಟೆ ಪ್ರಸಾದ ಬಡಿಸುವ ನಾವೇ ಹೀಗೆ ಕೇಳಿದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಆದರೂ ಇದು ಎಲ್ಲ ರೋಗಕ್ಕೂ ಮದ್ದಲ್ಲ. ಅಂಚೆಯಲ್ಲಿ ಬಂದ ಕೆಟ್ಟ ಕಡತವನ್ನು ನಾವೇ ತೆರೆದರೆ ಅದು ತಡೆಯಲಾರದು. ಕೀಲಿಯಿರುವ ಮೊಬೈಲು ಕಳೆದರೆ ಕೂಡಲೇ ಆ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಆದ್ದರಿಂದ ಪ್ರತಿ ಶನಿವಾರ ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು ಆ ಹಳೆಯ ಬೀರುವಿನಲ್ಲಿಯೇ ಇಡುತ್ತೇವೆ.

ದೂರದ ಹಿರಿಯರು ಈಗ ಅಲ್ಲಿಂದಲೇ ಲೆಕ್ಕ ನೋಡುತ್ತಾರೆ. ಮೊನ್ನೆ ರಾತ್ರಿ ಫೋನು ಮಾಡಿ, ತೊಗರಿಬೇಳೆಯಲ್ಲಿ ಎರಡು ಕಿಲೋ ತಾಳೆಯಾಗುತ್ತಿಲ್ಲವೆಂದರು. ಆ ರಶೀದಿಯನ್ನು ಇನ್ನೂ ಹುಡುಕುತ್ತಿದ್ದೇವೆ.