ಹುಣಸೆ ಬೀಜದ ಬೆಲೆ

ಚಿಲಮತ್ತೂರಿನ ಮನೆಯೊಂದರ ಜಗಲಿಯಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ, ಕನ್ನಡ ಶಾಲೆಯ ಅಕ್ಕ-ತಮ್ಮ ಕೂಡಿ ಹೊಸದೊಂದು ಆಟವನ್ನು ಕಟ್ಟಿದರು. ಹಿರೋಮು ಅರಾಕಾವಾ ಅವರ ಕಥೆಯಿಂದ ಬಂದ ಜಪಾನಿನ ಅನಿಮೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಅದಕ್ಕೆ ಮೂಲ. ಅಲ್ಲಿನ ಮಾಯಾವಿದ್ಯೆಗೆ ಒಂದೇ ಧರ್ಮ: ಪಡೆಯಬೇಕಾದರೆ ಸಮನಾದುದನ್ನು ಕೊಡಬೇಕು. ಕಥೆಯಲ್ಲಿ ಆ ಬೆಲೆಯನ್ನು ಕಥೆಗಾರ್ತಿ ನಿರ್ಧರಿಸುತ್ತಾರೆ. ಆಟಕ್ಕಾದರೋ ಎಲ್ಲರೂ ಒಪ್ಪುವ ಲೆಕ್ಕ ಬೇಕು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಕಥೆಯಾಟಕ್ಕೆ ದಾಳದ ಲೆಕ್ಕವನ್ನು ಹೂಡಿತು. ಇವರ ಬಳಿ ಇದ್ದುದು ತೀರಿಹೋದ ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ.

ಒಬ್ಬೊಬ್ಬರಿಗೆ ಹತ್ತು ಹುಣಸೆ ಬೀಜ. ಒಡೆದ ಮಡಕೆ ಕೂಡಿಸಲು ಒಂದು, ಗೋಡೆ ಎಬ್ಬಿಸಲು ಮೂರು. ಬೀಜವನ್ನು ಮೊದಲೇ ಇಟ್ಟು ಕವಡೆ ಎಸೆಯಬೇಕು. ಅಷ್ಟು ಕವಡೆ ಬಾಯಿ ಮೇಲಾಗಿ ಬಿದ್ದರೆ ಕೆಲಸ ಕೈಗೂಡಿತು. ಬೀಳದಿದ್ದರೂ ಇಟ್ಟ ಬೀಜ ಹಿಂದಿರುಗದು.

“ಅಕ್ಕಾ, ಅಜ್ಜೀನ ಕರ್ಕೊಂಡ್ ಬರೋಕೆ ಎಷ್ಟು ಬೀಜ ಇಡ್ಬೇಕು?” ಎಂದ ತಮ್ಮ.

ಕಥೆಯ ಎಲ್ರಿಕ್ ಸಹೋದರರೂ ಸತ್ತ ತಾಯಿಯನ್ನು ಮರಳಿ ಪಡೆಯಹೊರಟು, ಒಬ್ಬ ಕೈಕಾಲನ್ನೂ ಇನ್ನೊಬ್ಬ ಇಡೀ ದೇಹವನ್ನೂ ಕಳೆದುಕೊಂಡವರು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ನೋಟುಬುಕ್ಕಿನಲ್ಲಿ ಕೊನೆಯ ನಿಯಮವನ್ನು ಬರೆದಳು: ಸತ್ತವರನ್ನು ತರಲು ಯಾವ ಬೆಲೆಯೂ ಸಾಲದು.

ತಮ್ಮ ಅದನ್ನು ಎರಡು ಬಾರಿ ಓದಿದ. ಬಳಿಕ ಗೋಡೆಗೆಂದು ಮೂರು ಬೀಜವಿಟ್ಟು, ಅಜ್ಜಿಯ ಕವಡೆಗಳನ್ನು ಎಸೆದ.