ಅತ್ತಿಗೆಯ ಗಾಲಿಕುರ್ಚಿ

ಗಾಲಿಕುರ್ಚಿ ಕೊಳ್ಳುವುದೆಂದರೆ ಸೀರೆ ಕೊಂಡಷ್ಟೇ ಸುಲಭ ಅಂದುಕೊಂಡಿದ್ದೆ. ಬಣ್ಣ ನೋಡಿ, ಬೆಲೆ ಕೇಳಿ, ಒಪ್ಪಿದರೆ ಮನೆಗೆ ತರುವುದು, ಅಷ್ಟೇ ತಾನೆ! ಆ ಭ್ರಮೆ ಬಿಡಿಸಿದವರು ನಮ್ಮ ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ.

ಅವರಿಗೀಗ 58 ವರ್ಷ. ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲಿನ ಬಲ ಹೋಯಿತು. 2014ರಲ್ಲಿ ನಮ್ಮ ದೇಶ ಪೋಲಿಯೋದಿಂದ ಮುಕ್ತವಾಯಿತೆಂದು ಸಾರಿದಾಗ, "ನನ್ನ ಕಾಲಕ್ಕೆ ಆ ಎರಡು ಹನಿ ಸಿಕ್ಕಿದ್ದಿದ್ರೆ" ಎಂದು ನಕ್ಕಿದ್ದರು. ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದವರು ಅವರು. ಹಳೆಯ ಕುರ್ಚಿಯ ಗಾಲಿಗಳನ್ನು ತಾವೇ ತಳ್ಳಿಕೊಂಡು ಮನೆಯೆಲ್ಲ ಓಡಾಡುತ್ತಿದ್ದರು. ಆದರೆ ಕಾಲಿನ ಕೆಲಸವನ್ನೂ ಕೈಯೇ ಮಾಡಿದರೆ ಎಷ್ಟು ದಿನ ತಡೆದೀತು? ಬಲಭುಜ ಸವೆದಿದೆ, ಇನ್ನು ತಳ್ಳಬೇಡಿ ಅಂದರು ಡಾಕ್ಟರು.

"ಅಕ್ಕನಿಗೆ ಹೇಳದೆ ತರಿಸಿಬಿಡೋಣ, ಖುಷಿಪಡ್ತಾಳೆ" ಎಂದು ನಮ್ಮವರು ಫೋನಿನಲ್ಲಿ ಚಿತ್ರ ನೋಡಿ ಕರೆಂಟಿನ ಗಾಲಿಕುರ್ಚಿಯೊಂದನ್ನು ತರಿಸಿದರು. ನಾನೂ ತಲೆಯಾಡಿಸಿದೆ. ಬಂತು. ಅತ್ತಿಗೆ ಕುಳಿತರು. ನಡೆಸುವ ಹಿಡಿ ಬಲಗೈಗೇ ಇತ್ತು, ನೋಯುವ ಕೈಗೆ! ಹೊಲಿಗೆ ಮೇಜಿನ ಕೆಳಗೆ ಕೈದಾಂಡು ಹೋಗಲಿಲ್ಲ. ಬಚ್ಚಲುಮನೆ ಬಾಗಿಲು 26 ಅಂಗುಲ, ಕುರ್ಚಿ 27. ಅತ್ತಿಗೆ ತುಟಿಪಿಟಕ್ಕೆನ್ನಲಿಲ್ಲ. ರಾತ್ರಿ ಹಾಲು ಕೊಡಲು ಹೋದಾಗ ನಾನೇ ಕೇಳಿದೆ.

"ಅಳತೆ ತಗೊಳ್ಳದೆ ರವಿಕೆ ಹೊಲಿದ ಹಾಗಾಯ್ತು ಕಣೇ. ಊರವರದ್ದೆಲ್ಲ ಅಳತೆ ತಗೊಂಡೆ. ನನ್ನ ಅಳತೆ ಕೇಳೋಣ ಅಂತ ಯಾರಿಗೂ ತೋಚಲಿಲ್ಲ" ಅಂದರು.

ನನಗೆ ಕೆನ್ನೆಗೆ ಹೊಡೆದಂತಾಯಿತು. ಕುರ್ಚಿ ವಾಪಸಾಯಿತು, ಒಂದಿಷ್ಟು ದುಡ್ಡೂ ಕೈಬಿಟ್ಟಿತು.

ಮಾರನೆಯ ದಿನ ಅತ್ತಿಗೆ ತಮ್ಮ ಟೇಪು ನನ್ನ ಕೈಗೆ ಕೊಟ್ಟರು. ಕುಳಿತಾಗ ಸೊಂಟದ ಅಗಲಕ್ಕೆ ಎರಡೂ ಪಕ್ಕ ಒಂದೊಂದು ಅಂಗುಲ ಸೇರಿಸಿದರೆ ಸೀಟಿನ ಅಗಲ. ತೀರಾ ಅಗಲವಾದರೆ ಮೈ ಒಂದು ಕಡೆ ವಾಲುತ್ತದೆ. ಬಾಗಿಲನ್ನು ಪೂರ್ತಿ ತೆರೆದು, ಉಳಿಯುವ ಸಂದಿಯನ್ನು ಅಳೆಯಬೇಕು, ಚೌಕಟ್ಟನ್ನಲ್ಲ. ಕುರ್ಚಿ ತಿರುಗಲು ಎಷ್ಟು ಜಾಗ ಬೇಕೆಂದೂ ನೋಡಬೇಕು.

ಈ ಸಲ ಅಂಗಡಿಗೆ ಅತ್ತಿಗೆಯನ್ನೇ ಕರೆದುಕೊಂಡು ಹೋದೆವು. ಬೆಲೆ ಸುಮಾರು 40–50 ಸಾವಿರದಿಂದ ಶುರುವಾಗಿ ಲಕ್ಷಗಟ್ಟಲೆ ಏರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ಹಿಂದಕ್ಕೆ ಒರಗುವ ಮೋಟಾರು, ದೀಪ, ಇವೆಲ್ಲ ಬೇಡವೆಂದೆವು. ಹಿಡಿಯನ್ನು ಎಡಕ್ಕೆ ಬದಲಾಯಿಸುವಂತಿರಬೇಕು, ಕೈದಾಂಡು ಮೇಲಕ್ಕೆ ಏಳಬೇಕು, ಹಿಂದೆ ಮಗುಚದಂತೆ ಪುಟ್ಟ ಗಾಲಿ ಇರಬೇಕು, ರಿಪೇರಿಯವರು ನಮ್ಮ ಮೈಸೂರಿನಲ್ಲೇ ಸಿಗಬೇಕು. ಇವನ್ನು ಬಿಡಲಿಲ್ಲ. ದಿನವಿಡೀ ಕೂರುವವರಿಗೆ ಒಳ್ಳೆಯ ಮೆತ್ತೆಯೂ ಬೇಕೇಬೇಕು, ಇಲ್ಲದಿದ್ದರೆ ಒತ್ತುಹುಣ್ಣು ಕಾಡುತ್ತದೆ.

ಬ್ಯಾಟರಿಯಲ್ಲಿ ಎರಡು ಬಗೆ. ಸೀಸದ್ದು ಅಗ್ಗ, ಆದರೆ ಭಾರ. ಲಿಥಿಯಂ ಹಗುರ, ಬೆಲೆ ಜಾಸ್ತಿ. ಕುರ್ಚಿಯನ್ನು ಆಗಾಗ ಕಾರಿಗೆ ಎತ್ತುವವರಿಗೆ ಲಿಥಿಯಂ ಮೇಲು. ನಾವು ಎತ್ತುವುದು ಅಪರೂಪ, ಸೀಸದ್ದೇ ಸಾಕೆಂದೆವು. ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರು ಎಂದು ಬರೆದಿರುವುದನ್ನು ಪೂರ್ತಿ ನಂಬಬೇಡಿ, ಏರುದಾರಿಯಲ್ಲಿ ಅದು ಇಳಿಯುತ್ತದೆ. ಕೆಟ್ಟು ನಿಂತರೆ ಕೈಯಿಂದ ತಳ್ಳಲು ಮೋಟಾರಿನ ಹತ್ತಿರ ಒಂದು ಸನ್ನೆ ಇರುತ್ತದೆ. ಇಳಿಜಾರಿನಲ್ಲಿ ಮಾತ್ರ ಅದನ್ನು ಮುಟ್ಟಲೇಬಾರದು, ಆಗ ಬ್ರೇಕೇ ಹಿಡಿಯುವುದಿಲ್ಲ.

ದುಡ್ಡಿಗೆ ಕಷ್ಟವಿದ್ದವರು ಮೊದಲು ಅಂಗವಿಕಲರ ಯುಡಿಐಡಿ ಕಾರ್ಡು ಮಾಡಿಸಿಕೊಂಡು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. 1981ರಿಂದ ಇರುವ ಕೇಂದ್ರದ 'ಅಡಿಪ್' ಯೋಜನೆಯಲ್ಲಿ ಇಂಥ ಸಲಕರಣೆಗಳಿಗೆ ನೆರವುಂಟು, ಆದಾಯದ ಮಿತಿಯೂ ಉಂಟು. ಮೋಟಾರಿನ ಮೂರುಗಾಲಿ ಬಂಡಿ ಬೀದಿಗೆ ಚೆನ್ನ, ಮನೆಯೊಳಗೆ ತಿರುಗದು ಎಂಬುದು ನೆನಪಿರಲಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅತ್ತಿಗೆಯ ಪಾಲಿಗೆ ನೆಲ ನಿಜಕ್ಕೂ ಡೊಂಕೇ! ಒಂದು ಅಂಗುಲ ಎತ್ತರಕ್ಕೆ ಒಂದಡಿ ಉದ್ದದ ಇಳಿಜಾರು ಬೇಕು. ನಮ್ಮ ಎರಡು ಮೆಟ್ಟಿಲು ಸೇರಿ 12 ಅಂಗುಲ, ಅಂದರೆ 12 ಅಡಿ. ಅಂಗಳ ಅಷ್ಟಿಲ್ಲ. ನಡುವೆ ಸಮತಟ್ಟು ಜಾಗ ಬಿಟ್ಟು ಪಕ್ಕಕ್ಕೆ ತಿರುಗಿಸಿ ಕಟ್ಟಿಸಿದೆವು. ಹೊಸ್ತಿಲು ಕಡಿಸಲು ನಮ್ಮತ್ತೆ ಒಪ್ಪಲಿಲ್ಲ. ಬಡಗಿಯಿಂದ ಒಳಗೂ ಹೊರಗೂ ಇಡುವ ಇಳಿಜಾರು ಹಲಗೆ ಮಾಡಿಸಿದೆವು. ಶುಕ್ರವಾರ ಹೊಸ್ತಿಲ ಪೂಜೆಗೆ ತೆಗೆದು, ಆಮೇಲೆ ಹಾಗೇ ಇಡುತ್ತೇವೆ.

ಕುರ್ಚಿ ಬಂದ ವಾರಕ್ಕೆ ಅತ್ತಿಗೆ ಪರ್ಸು ಮಡಿಲಲ್ಲಿಟ್ಟುಕೊಂಡು ಹೊರಟರು. "ಎಲ್ಲಿಗೆ ಅತ್ತಿಗೆ? ನಾನೂ ಬರ್ತೀನಿ" ಅಂದೆ.

"ಬೇಡ. ಇಷ್ಟು ವರ್ಷ ಎಲ್ಲಿಗೇ ಹೋದ್ರೂ ಜೊತೆಗೆ ಒಬ್ಬರು ಇರ್ತಿದ್ರು. ಇವತ್ತು ಒಬ್ಬಳೇ ಹೋಗ್ತೀನಿ."

ನಾನು ಗೇಟಿನ ಹತ್ತಿರವೇ ನಿಂತೆ. ಬೀದಿ ತುದಿಯ ಹೂವಾಡಗಿತ್ತಿಯ ಮುಂದೆ ಕುರ್ಚಿ ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತಿಗೆಯ ದನಿ ಇಲ್ಲಿಯವರೆಗೂ ಕೇಳಿಸಿತು: "ಒಂದು ಮೊಳ ಅಂದ್ರೆ ಇಷ್ಟೇನಮ್ಮಾ? ಸರಿಯಾಗಿ ಅಳತೆ ಹಾಕು!"